ಅತ್ತೆಯ ಎದುರು ಬಾಯಿ ಜಾರಿದ್ದು

ಅಕ್ಟೋಬರ್ ೧೪, ಮಂಗಳವಾರ

ಅತ್ತೆಯ ಎದುರು ಬೇರೆಯವರು ಮಾಡಿದ ಸ್ವೀಚ್ಕೊವಾ ಅಡುಗೆಯನ್ನು ಹೊಗಳಬಾರದೆಂದು ಮದುವೆಯಾದ ಹೊಸದರಲ್ಲೇ ಕಲಿತವಳು ನಾನು. ಆದರೂ ಇವತ್ತು ಬಾಯಿ ಜಾರಿತು.

ಅತ್ತೆಯ ಕಣ್ಣನ್ನು ಡಾಕ್ಟರಿಗೆ ತೋರಿಸಲು ನಾವಿಬ್ಬರೂ ತಾಬೋರ್ ಪಟ್ಟಣಕ್ಕೆ ಹೋಗಿದ್ದೆವು. ಮಧ್ಯಾಹ್ನ ಚೌಕದ ಹಿಂದಿನ ಹಳೆಯ ಹೋಟೆಲಿನಲ್ಲಿ ಊಟಕ್ಕೆ ಕೂತೆವು. ಸ್ವೀಚ್ಕೊವಾ ಬಂತು: ಮೆತ್ತಗೆ ಬೆಂದ ದನದ ಮಾಂಸ, ಅದರ ಮೇಲೆ ಗೆಡ್ಡೆ ತರಕಾರಿ ರುಬ್ಬಿ ಕೆನೆ ಬೆರೆಸಿದ ಗೊಜ್ಜು, ಪಕ್ಕದಲ್ಲಿ ಹತ್ತಿಯಂಥ ಕಡುಬಿನ ಹೋಳುಗಳು. ಮೊದಲ ತುತ್ತಿಗೇ "ಆಹಾ!" ಅಂದುಬಿಟ್ಟೆ.

ಅತ್ತೆ ಫೋರ್ಕ್ ಕೆಳಗಿಟ್ಟರು. "ಹುಳಿ ಕಮ್ಮಿ. ಇಷ್ಟು ಕೆನೆ ಸುರಿದ್ರೆ ಯಾರ್ ಬೇಕಾದ್ರೂ ಮಾಡ್ತಾರೆ."

ನಾನು ಹೆದರಿ ತಲೆ ತಗ್ಗಿಸಿಯೇ ಉಂಡೆ. ಕಡೆಗೆ ತಲೆ ಎತ್ತಿ ನೋಡಿದರೆ, ಅವರು ಕೊನೆಯ ಕಡುಬಿನಿಂದ ತಟ್ಟೆಯನ್ನು ಅಂಚಿನವರೆಗೂ ಒರೆಸುತ್ತಿದ್ದರು! ತಟ್ಟೆ ತೊಳೆದಿಟ್ಟಂತಿತ್ತು. ಆ ಅಡುಗೆಯವರ ಕೈಗೆ ಚಿನ್ನದ ಬಳೆ ತೊಡಿಸಬೇಕು.

"ಒತಾಕರನಿಗೆ ಹೇಳ್ಬೇಡ ಕಣೇ," ಅಂದರು ಮೆಲ್ಲಗೆ. "ಮಗ ಅಲ್ವಾ, ನೊಂದ್ಕೋತಾನೆ."

ಸಂಜೆ ಮನೆಯಲ್ಲಿ ನನ್ನ ಗಂಡ ಒತಾಕರ್ ಕೇಳಿಯೇ ಕೇಳಿದ: "ಊಟ ಹೇಗಿತ್ತು?"

"ನಿಮ್ಮಮ್ಮನ ಕೈರುಚಿ ಮುಂದೆ ಏನೂ ಅಲ್ಲ" ಅಂದೆ. ಅವನ ಮುಖ ಅರಳಿತು.

ಅಷ್ಟರಲ್ಲಿ ಒಳಗಿಂದ ಅತ್ತೆ ಕೂಗಿದರು: "ಮುಂದಿನ ವಾರ ಮತ್ತೆ ಕಣ್ಣು ತೋರಿಸ್ಬೇಕಂತೆ ಕಣೋ, ತಾಬೋರಲ್ಲೇ!"

ಡಾಕ್ಟರು ಹೇಳಿದ್ದು ಮುಂದಿನ ವರ್ಷ.