ಪುರಾವೆ ತಂದರೆ ಹುಡುಕಲು ಅನುಮತಿ

ಮಾನ್ಯ ಆರೋಗ್ಯ ವಿಮಾ ಕಚೇರಿಯ ಸ್ಕ್ಯಾನ್ ಪೂರ್ವಾನುಮತಿ ಪರಿಶೀಲನಾಧಿಕಾರಿಗಳೇ,

ಕ್ಯಾನ್ಸರ್ ಮರಳಿದೆಯೇ ಎಂದು ನೋಡಲು ನಾವು ಅನುಮತಿ ಕೇಳಿದೆವು. ಮರಳಿದೆ ಎಂಬುದಕ್ಕೆ ಪುರಾವೆ ಲಗತ್ತಿಸಿಲ್ಲವೆಂದು ತಾವು ಅರ್ಜಿಯನ್ನು ಹಿಂತಿರುಗಿಸಿದಿರಿ. ಒಮ್ಮೆ ಅಲ್ಲ, ಎರಡು ಬಾರಿ. ಎರಡನೆಯ ಸಲ ಮೊಹರು ಇನ್ನೂ ಅಂದವಾಗಿ ಬಿದ್ದಿತ್ತು, ಅಭಿನಂದನೆಗಳು.

ನನ್ನ ಗಂಡ ಕೋ ಷುಯ್-ಮು ಕೈಗೊಂಬೆಯಾಟದವರು. ನಮ್ಮ ಹುವೆಯ್ ಊರಿನಲ್ಲಿ ಗೊಂಬೆಯಾಡಿಸುವವರಿಗೆ ಬರವಿಲ್ಲ. ಆದರೆ ಸೇನಾಪತಿ, ಸನ್ಯಾಸಿ, ಸೊಸೆ, ಸೊಸೆಯನ್ನು ಕಾಡುವ ಅತ್ತೆ, ಎಲ್ಲರಿಗೂ ಒಬ್ಬನೇ ದನಿ ಕೊಡುವುದು ಸುಲಭದ ಮಾತಲ್ಲ. ಅಂಥ ಗಂಟಲಿಗೆ ಎರಡು ವರ್ಷದ ಹಿಂದೆ ಕ್ಯಾನ್ಸರ್ ಬಂತು. ಅಡಿಕೆ, ಸಿಗರೇಟು ಅವರ ಹಳೆಯ ಗೆಳೆಯರು. ಆ ತಪ್ಪನ್ನು ತಮ್ಮ ಕಚೇರಿಯ ತಲೆಗೆ ಕಟ್ಟಲಾರೆ. ವಿಕಿರಣ ಚಿಕಿತ್ಸೆ ಮುಗಿದಾಗ ಸೊಸೆಯ ದನಿ ಹೋಗಿ ಅತ್ತೆಯ ದನಿಯೊಂದೇ ಉಳಿದಿತ್ತು. ಅವರು ಅದರಲ್ಲೇ ಮೂರು ಅತ್ತೆಯರ ಆಟ ಕಟ್ಟಿದರು. ಜನ ನಕ್ಕು ನಕ್ಕು ಸುಸ್ತಾದರು.

ಕಳೆದ ಚಳಿಗಾಲದಲ್ಲಿ ಆ ದನಿಯೂ ಒಡೆಯಿತು. ನುಂಗಿದರೆ ನೋವು ಕಿವಿಯವರೆಗೆ ಹೊಡೆಯುತ್ತಿತ್ತು. ಅವರಿಗೆ ಚಿಕಿತ್ಸೆ ಕೊಡುವ ಡಾಕ್ಟರ್ ಫಾಂಗ್ ಸಿ.ಟಿ. ಸ್ಕ್ಯಾನ್ ಮಾಡಿಸಿ ನನ್ನನ್ನು ಹತ್ತಿರ ಕರೆದರು.

"ನೋಡಿ ಅಮ್ಮಾ, ಇಲ್ಲಿ ದಪ್ಪ ಆಗಿದೆ. ವಿಕಿರಣದ ಊತನೂ ಹೀಗೇ ಕಾಣತ್ತೆ, ಕ್ಯಾನ್ಸರೂ ಹೀಗೇ ಕಾಣತ್ತೆ. ಪೆಟ್ ಸ್ಕ್ಯಾನ್ ಮಾಡಿದ್ರೆ ಚುರುಕಾಗಿ ಬೆಳೀತಿರೋ ಜಾಗ ಹೊಳೆಯತ್ತೆ. ಎಲ್ಲಿಂದ ಚೂರು ತೆಗೆದು ಪರೀಕ್ಷೆ ಮಾಡ್ಬೇಕು ಅಂತ ಆಗ ಗೊತ್ತಾಗತ್ತೆ."

"ಅದಿಲ್ದೇ ತೆಗೆದ್ರೆ?"

"ಕಣ್ಣು ಕಟ್ಕೊಂಡು ಕೈ ಹಾಕಿದ ಹಾಗೆ. ವಿಕಿರಣ ತಿಂದ ಗಂಟಲು, ಗಾಯ ಬೇಗ ಮಾಯಲ್ಲ."

ಪೆಟ್ ಸ್ಕ್ಯಾನಿನ ಅರ್ಜಿ ಎರಡನೆಯ ಸಲ ಹಿಂತಿರುಗಿದಾಗ ನಾನೇ ತಮ್ಮ ಕಚೇರಿಗೆ ಫೋನ್ ಮಾಡಿದೆ. ಮಾತಾಡಿದ ಗುಮಾಸ್ತರು ಬಹಳ ಸೌಜನ್ಯವಂತರು.

"ಅಕ್ಕಾ, ಮೊದಲು ಬಯಾಪ್ಸಿ ಮಾಡಿಸಿ ಪುರಾವೆ ಕಳ್ಸಿ."

"ಪುರಾವೆ ಸಿಕ್ಕಮೇಲೆ ಹುಡುಕೋದೇನಪ್ಪಾ?"

"ನಿಯಮ ಹಾಗಿದೆ ಅಕ್ಕಾ."

"ಕಳೆದ ಎಮ್ಮೆ ಹುಡುಕೋಕೆ ಹೊರಟೋನಿಗೆ, ಮೊದ್ಲು ಎಮ್ಮೆ ಹಿಡ್ಕೊಂಡು ಬಾ ಅಂದ ಹಾಗಾಯ್ತಲ್ಲ!"

ಅವರು ಅಷ್ಟೇ ಸೌಜನ್ಯದಿಂದ, "ಎಮ್ಮೆಗೆ ಬೇರೆ ಇಲಾಖೆ ಅಕ್ಕಾ" ಅಂದರು.

ತಮ್ಮ ಮಾತಿಗೆ ಬೆಲೆಕೊಟ್ಟು ಬಯಾಪ್ಸಿ ಮಾಡಿಸಿದೆವು. ಕ್ಯಾನ್ಸರ್ ಸಿಗಲಿಲ್ಲ. ಗಾಯ ಮಾತ್ರ ಏಳು ವಾರ ಮಾಯಲಿಲ್ಲ. ಮೂಗಿನ ನಳಿಕೆಯಲ್ಲೇ ಅವರ ಊಟ. ಒಂದು ಮಧ್ಯಾಹ್ನ ಕಾಗದದ ಮೇಲೆ ಬರೆದು ತೋರಿಸಿದರು: "ರೋಗ ಇಲ್ವಾ, ಅಥವಾ ಸಿಗಲಿಲ್ವಾ?" ಅಧಿಕಾರಿಗಳೇ, ಈ ಪ್ರಶ್ನೆಯನ್ನು ತಮ್ಮ ನಮೂನೆಯ ಯಾವ ಅಂಕಣದಲ್ಲಿ ತುಂಬಬೇಕಿತ್ತು?

ಗಾಯ ಮಾಯ್ದ ಮೇಲೆ ತಮ್ಮನ್ನು ಕಾಯದೆ ನಮ್ಮ ಖರ್ಚಿನಲ್ಲೇ ಪೆಟ್ ಸ್ಕ್ಯಾನ್ ಮಾಡಿಸಿದೆವು. ಎಲ್ಲರೂ ಅನುಮಾನಪಟ್ಟಿದ್ದ ಜಾಗ ಮಂಕಾಗಿತ್ತು. ಕತ್ತಿನ ಇನ್ನೊಂದು ಬದಿಯಲ್ಲಿ ಸೋಯಾ ಕಾಳಿನಷ್ಟು ಗಂಟೊಂದು ಕೆಂಡದಂತೆ ಹೊಳೆಯುತ್ತಿತ್ತು. ಅದಕ್ಕೆ ಸೂಜಿ ಹಾಕಿದರು, ಕ್ಯಾನ್ಸರೇ. ಗಂಟನ್ನು ತೆಗೆದುಹಾಕಿದರು, ಧ್ವನಿಪೆಟ್ಟಿಗೆ ಉಳಿಯಿತು. "ಇನ್ನೆರಡು ತಿಂಗಳು ಬಿಟ್ಟಿದ್ರೆ ದೊಡ್ಡ ರಕ್ತನಾಳಕ್ಕೆ ಅಂಟ್ಕೊಳ್ತಿತ್ತು, ಆಗ ನಾವೂ ಕೈಚೆಲ್ತಿದ್ವಿ" ಎಂದು ಫಾಂಗ್ ಹೇಳಿದಾಗ, ಗಾಯ ಮಾಯಲು ಕಾದ ಆ ಏಳು ವಾರಗಳನ್ನು ಬೆರಳು ಮಡಚಿ ಎಣಿಸಿದೆ.

ಶಸ್ತ್ರಚಿಕಿತ್ಸೆಯ ನಂತರ ಅವರು ಬಾಯಿಂದ ಮೊದಲ ಸಲ ಗೆಣಸಿನ ಗಂಜಿ ಕುಡಿದ ದಿನವೇ ತಮ್ಮ ಮಂಜೂರಾತಿ ಬಂತು. ಗಂಟಿನ ವರದಿ ತಲುಪಿರುವುದರಿಂದ, ರೋಗ ಮರಳಿದೆಯೇ ಎಂದು ಇನ್ನು ಮುಂದೆ ಹುಡುಕಬಹುದಂತೆ! ಓದಿ ನಗಲು ಹೋಗಿ ಗಂಜಿ ಅವರ ಮೂಗಿಗೇರಿತು.

ನನ್ನ ಬೇಡಿಕೆ ಇಷ್ಟೇ. ಸಿ.ಟಿ. ವರದಿಯಲ್ಲಿ "ಖಚಿತವಾಗಿ ಹೇಳಲಾಗದು" ಎಂದಿದ್ದರೆ ಅದನ್ನೇ ಸಾಕಷ್ಟು ಕಾರಣವೆಂದು ಒಪ್ಪಿ, ವಾರದೊಳಗೆ ಉತ್ತರಿಸಿ. ಉತ್ತರಿಸುವವರು ವಿಕಿರಣ ತಿಂದ ಗಂಟಲನ್ನು ಒಮ್ಮೆಯಾದರೂ ಕಣ್ಣಾರೆ ಕಂಡ ವೈದ್ಯರಾಗಿರಲಿ. ನಮ್ಮ ವಾರ್ಡಿನಲ್ಲಿ ಟ್ರಕ್ ಓಡಿಸುವ ಒಬ್ಬರು ತಮ್ಮ ಕಚೇರಿಯ ಇಂಥದೇ ಮಂಜೂರಾತಿಗಾಗಿ ಕಾಯುತ್ತಿದ್ದಾರೆ. ಅವರಿಗಿನ್ನೂ ಮೂವತ್ತೆಂಟು.

ಇಂತಿ,
ಗಂಡ ಒಂದು ಗಳಿಗೆ ಬಾಯಿ ಮುಚ್ಚಲಿ ಎಂದು ಮೂವತ್ತು ವರ್ಷ ಹರಕೆ ಹೊತ್ತು, ಈಗ ಅದನ್ನು ಹಿಂತೆಗೆದುಕೊಂಡಿರುವ
ವೆಂಗ್ ಯೂ-ಚಿನ್