ಅಲಗಿನ ಬುಡದ ವರ್ಷ

ಲಾರೆಲ್ ಫೋರ್ಕ್, ಟೆನೆಸೀ
ಮಂಗಳವಾರ, ೧೨ ಮೇ ೧೯೯೮

ಪ್ರೀತಿಯ ಲೊರೀನಾ,

ಏಪ್ರಿಲ್ ಇಪ್ಪತ್ತೆಂಟರಂದು ನಿನಗೆ ಬರೆದ ಪತ್ರದಲ್ಲಿ ಒಂದು ತಪ್ಪಿದೆ. ಮೊದಲು ಅದಕ್ಕೆ ಕ್ಷಮೆ ಕೇಳುತ್ತೇನೆ. ಉಳಿದ ಮಾತು ಆಮೇಲೆ. ಮೂವತ್ತೊಂದು ವರ್ಷ ಈ ಕೌಂಟಿಯ ಜಮೀನು ದಾಖಲೆಗಳನ್ನು ಬರೆದ ಕೈ ಇದು. ಒಂದು ತಾರೀಕು ತಪ್ಪಿದರೂ ಇಡೀ ಹಾಳೆಯನ್ನು ಹೊಸದಾಗಿ ಬರೆಯುತ್ತಿದ್ದೆ. ಈ ಸಲ ಹಾಳೆ ನಿನ್ನ ಕೈ ಸೇರಿಬಿಟ್ಟಿದೆ.

ಫೆಬ್ರವರಿಯಲ್ಲಿ ನಿನ್ನ ಅಪ್ಪನನ್ನು ಮಣ್ಣು ಮಾಡಿದ ಮೇಲೆ ನೀನು ಅವನ ನಲವತ್ತೆರಡು ಬಾರ್ಲೋ ಮಡಚುಚಾಕುಗಳನ್ನು ನನ್ನ ಮೇಜಿನ ಮೇಲೆ ಸುರಿದು, ‘ಎಲ್ಬರ್ಟ್ ಮಾಮ, ಯಾವ್ದು ಯಾವ ಕಾಲದ್ದು ಅಂತ ಒಂದು ಪಟ್ಟಿ ಮಾಡ್ಕೊಡಿ. ನಂಗೆ ಎಲ್ಲಾ ಒಂದೇ ಥರ ಕಾಣ್ಸುತ್ತೆ’ ಎಂದೆ. ಕಾಣುವುದು ಹಾಗೆಯೇ. ಹನಿಯಾಕಾರದ ಹಿಡಿ, ಗರಗಸದ ಗೀರು ಬಿದ್ದ ಮೂಳೆ, ಹಿಡಿಯ ಮೂರನೆಯ ಒಂದು ಭಾಗವನ್ನು ಮುಚ್ಚುವ ಲೋಹದ ಪಟ್ಟಿ. ವಯಸ್ಸು ತಿಳಿಯಬೇಕಾದರೆ ಅಲಗನ್ನು ತೆರೆದು ಅದರ ಬುಡದಲ್ಲಿ ಒತ್ತಿದ ಮುದ್ರೆಯನ್ನು ಓದಬೇಕು. ಇಪ್ಪತ್ತಾರನೆಯದರ ಎದುರು, ಎಂದರೆ ನಿನ್ನ ಅಪ್ಪ ಡೆಲ್ಮಾರ್ ದಿನವೂ ಜೇಬಿನಲ್ಲಿಟ್ಟುಕೊಳ್ಳುತ್ತಿದ್ದ ಚಾಕುವಿನ ಎದುರು, ‘೧೯೬೪ರ ನಂತರದ್ದು’ ಎಂದು ಬರೆದೆ.

ಮರು ಅಂಚೆಯಲ್ಲಿ ನೀನು ಕಳಿಸಿದ ಐದು ಸಾಲುಗಳನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ‘೧೯೫೦ರ ಕೊರಿಯಾ ಯುದ್ಧದ ಹಿಮದಲ್ಲಿ ಜೊತೆಗಾರನ ಹೆಪ್ಪುಗಟ್ಟಿದ ಬೂಟನ್ನು ಕೊಯ್ದು ಅವನ ಪಾದ ಉಳಿಸಿದ್ದು ಇದೇ ಚಾಕು ಎಂದು ಅಪ್ಪ ಹೇಳುತ್ತಿದ್ದುದು ಹಾಗಾದರೆ ಸುಳ್ಳು. ಅದೇ ಸುಳ್ಳಾದರೆ ಉಳಿದದ್ದರಲ್ಲಿ ಯಾವುದನ್ನು ನಂಬಲಿ. ಚಾಕುವನ್ನು ಗುಜರಿ ಡಬ್ಬಕ್ಕೆ ಹಾಕಿಬಿಡಿ. ಇಪ್ಪತ್ತನಾಲ್ಕರಂದು, ಗೋರಿಗಳಿಗೆ ಹೂವಿಡುವ ಭಾನುವಾರಕ್ಕೆ, ನಾಕ್ಸ್‌ವಿಲ್‌ನಿಂದ ನಾನು ಬರುವುದಿಲ್ಲ. ಎಲ್ಲರೂ ತಮ್ಮವರ ಕಥೆ ಹೇಳುವಾಗ ಅಪ್ಪನ ಬಳಿ ನಿಂತು ಹೇಳಲು ನನಗೇನೂ ಉಳಿದಿಲ್ಲ’ ಎಂದು ಬರೆದಿದ್ದೀಯೆ.

ಲೊರೀನಾ, ಕಥೆ ನಿಜ. ಚಾಕುವೂ ಅದೇ. ಅಲಗು ಮಾತ್ರ ಬೇರೆ. ಹಳೆಯ ಅಲಗನ್ನು ಮುರಿದವನು ನಾನು.

೧೯೬೬ರ ಆಗಸ್ಟ್‌ನಲ್ಲಿ ನಿಮ್ಮ ಮೇಲುಗಡೆಯ ಹುಲ್ಲುಗಾವಲಿನ ಬೇಲಿ ಸರಿಪಡಿಸಲು ನಾನು ಬಂದಿದ್ದೆ. ನಿನಗಾಗ ಹತ್ತು ವರ್ಷ. ಬಕೆಟ್ಟಿನಲ್ಲಿ ನೀರು ತಂದುಕೊಟ್ಟದ್ದು ನಿನಗೆ ನೆನಪಿರಲಾರದು. ಡೆಲ್ಮಾರ್ ತನ್ನ ಚಾಕುವಿನಿಂದ ಹಗ್ಗ ಕೊಯ್ಯುತ್ತಿದ್ದವನು ಅದನ್ನು ತೆರೆದಂತೆಯೇ ನನ್ನ ಕೈಗಿತ್ತು ಹಸುಗಳ ಕಡೆ ಹೋದ. ಕಂಬದಲ್ಲಿ ತಂತಿ ಹಿಡಿದಿದ್ದ ಕೊಕ್ಕೆ ಮೊಳೆಯೊಂದು ಬರಲೊಲ್ಲದು. ಇಕ್ಕಳ ಗಾಡಿಯಲ್ಲಿತ್ತು, ಇಪ್ಪತ್ತು ಹೆಜ್ಜೆ ದೂರ. ಸೆಕೆ, ಸೋಮಾರಿತನ. ಅಲಗಿನ ತುದಿಯನ್ನು ಮೊಳೆಯ ಅಡಿಗೆ ತೂರಿಸಿ ಮೀಟಿದೆ.

ಕೋರ್ಟಿನ ಮುಂದಿನ ಬೆಂಚಿನಲ್ಲಿ ಸೀಡರ್ ಕಟ್ಟಿಗೆ ಕೆತ್ತುತ್ತಾ ಕೂರುತ್ತಿದ್ದವರಿಗೆಲ್ಲ ‘ಚಾಕು ಇರುವುದು ಕೊಯ್ಯಲಿಕ್ಕೆ, ಮೀಟಲಿಕ್ಕಲ್ಲ’ ಎಂದು ಉಪದೇಶಿಸುತ್ತಿದ್ದವನು ನಾನೇ. ಕ್ಲೈಡ್ ಗ್ರಿಂಡ್‌ಸ್ಟಾಫ್ ಒಮ್ಮೆ ಚಾಕುವಿನಿಂದ ಬಣ್ಣದ ಡಬ್ಬದ ಮುಚ್ಚಳ ಎತ್ತಿದನೆಂದು ವಾರಗಟ್ಟಲೆ ಅವನ ಮಾನ ತೆಗೆದೆ. ‘ಬಂದ್ರಪ್ಪ ಪಾದ್ರಿಗಳು! ಚಾಕು ಒಳಗ್ ಹಾಕ್ಕೊಳ್ಳಿ, ಪ್ರವಚನ ಶುರುವಾಗತ್ತೆ’ ಎಂದು ಅವನು ನನ್ನನ್ನು ಕಂಡಾಗಲೆಲ್ಲ ಅಣಕಿಸುತ್ತಿದ್ದ. ಅಂಥ ನನ್ನ ಕೈಯಲ್ಲಿ ಅಲಗು ಟಪ್ಪೆಂದು ಮುರಿದು, ತುದಿ ಕಂಬದಲ್ಲೇ ಸಿಕ್ಕಿಕೊಂಡಿತು. ಕೀಳಲು ನೋಡಿದೆ, ಬರಲಿಲ್ಲ. ಮೊಂಡು ಚಾಕುವನ್ನು ಮುಚ್ಚಿ ಜೇಬಿಗಿಳಿಸಿ, ಎರಡು ದಿನ ಇಟ್ಟುಕೊಂಡಿರುತ್ತೇನೆ ಎಂದು ಡೆಲ್ಮಾರ್‌ಗೆ ಕೂಗಿ ಹೇಳಿ ಮನೆಗೆ ಬಂದೆ.

ನಮ್ಮನ್ನು ಯಾರೂ ಅರಿಯದ ಊರೊಂದರಲ್ಲಿ ಚಾಕು ರಿಪೇರಿಯ ಮುದುಕನೊಬ್ಬನಿದ್ದ. ಅವನು ಹಿಡಿಯ ಮೊಳೆ ಕಿತ್ತು, ಅದೇ ಕಂಪನಿಯ ಹೊಸ ಚಾಕುವೊಂದರ ಅಲಗನ್ನು ಹೊಸ ಮೊಳೆಯಿಂದ ಇದಕ್ಕೆ ಕೂರಿಸಿಕೊಟ್ಟ. ಅದನ್ನು ಸೀಡರ್ ಮರದ ಮೇಲೆ ಉಜ್ಜಿ, ಸೇಬು ಕೊಯ್ದು, ರಸದಲ್ಲಿ ಕಪ್ಪಾಗಿಸಿ, ಹಳತರಂತೆ ಕಾಣುವವರೆಗೂ ಬಿಡಲಿಲ್ಲ.

ನಮ್ಮವರ ಪದ್ಧತಿ ನಿನಗೆ ಗೊತ್ತು: ತೆರೆದು ಕೊಟ್ಟ ಚಾಕುವನ್ನು ತೆರೆದೇ ಹಿಂದಿರುಗಿಸಬೇಕು, ಇಲ್ಲವಾದರೆ ಸ್ನೇಹಕ್ಕೆ ಕೇಡು. ತೆರೆದರೆ ಅಲಗು ಕಂಡೀತೆಂಬ ಭಯಕ್ಕೆ ನಾನು ಮುಚ್ಚಿಯೇ ಕೊಟ್ಟೆ. ಡೆಲ್ಮಾರ್ ಅದನ್ನು ಅಂಗೈಯಲ್ಲಿ ಹೊರಳಿಸಿ ನೋಡಿ, ‘ಏನೋ ಎಲ್ಬರ್ಟಾ, ನಮ್ಮನೆ ಬಿಡೋವಾಗ ಬಾಯಿ ತೆಗ್ದಿತ್ತು. ನಿಮ್ಮನೇಲಿ ಬಾಯ್ ಮುಚ್ಕೊಂಡಿರೋದು ಕಲ್ಸಿದ್ಯಾ?’ ಎಂದು ನಕ್ಕು, ‘ಬಾ, ಕಾಫಿ ಕುಡಿ’ ಎಂದ. ನಾನೂ ನಕ್ಕೆ. ಕಾಫಿ ಕುಡಿದು ಮನೆಗೆ ಬಂದೆ.

ಅಲ್ಲಿಂದ ಮೂವತ್ತೆರಡು ವರ್ಷ ಅದೇ ಬೆಂಚು, ಅದೇ ಚಾಕು. ಅವನು ಕೆತ್ತುವಾಗ ನಾನು ಆ ಅಲಗನ್ನು ನೋಡುತ್ತಿರಲಿಲ್ಲ. ಹೇಳಬೇಕೆಂದು ಎಷ್ಟೋ ಸಲ ಬಾಯಿ ತೆರೆದು ಹವೆಯ ಮಾತಾಡಿ ಎದ್ದು ಬಂದಿದ್ದೇನೆ. ಅವನು ಹೋದ ಮೇಲೂ ನಿನ್ನ ಪಟ್ಟಿಯಲ್ಲಿ ಬರೆಯುವ ಅವಕಾಶವಿತ್ತು. ಮುದ್ರೆಯಲ್ಲಿದ್ದುದನ್ನೇ ಬರೆದೆನಲ್ಲ ಎಂದು ನನ್ನನ್ನು ನಾನೇ ಸಮಾಧಾನಪಡಿಸಿಕೊಂಡೆ. ನಿನಗೆ ಬೂಟಿನ ಕಥೆ ನೆನಪಿರುತ್ತದೆಂದು ಯೋಚಿಸಲಿಲ್ಲ. ನನ್ನ ಮರ್ಯಾದೆ ಉಳಿಸಿಕೊಳ್ಳಲು ಸತ್ತವನನ್ನು ಅವನ ಮಗಳೆದುರು ಸುಳ್ಳುಗಾರನನ್ನಾಗಿ ಮಾಡಿದೆ. ಎಪ್ಪತ್ತು ವರ್ಷದವನಿಗೆ ಇದು ಹೊರಲಾಗದ ಭಾರ, ಮಗಳೇ, ಸಾಕಾಗಿದೆ.

ನನ್ನ ಮಾತನ್ನು ಹಾಗೆಯೇ ನಂಬಬೇಡ. ಇದರೊಡನೆ ಕಳಿಸುವ ಚಾಕುವಿನ ಲೋಹದ ಪಟ್ಟಿಯಲ್ಲಿರುವ ಮೊಳೆಯ ತಲೆಯನ್ನು ಭೂತಗನ್ನಡಿಯಲ್ಲಿ ನೋಡು. ಅದೊಂದು ಮಾತ್ರ ಉಳಿದವಕ್ಕಿಂತ ಹಳದಿ. ಹಿಡಿ, ಪಟ್ಟಿ, ಸ್ಪ್ರಿಂಗು ಎಲ್ಲ ಹಳೆಯವೇ, ನಿನ್ನ ಅಜ್ಜ ಕೊಟ್ಟವೇ. ಡೆಲ್ಮಾರ್‌ಗೆ ಕೊನೆಯವರೆಗೂ ವಿಷಯ ಗೊತ್ತಾಗಲಿಲ್ಲ. ಅವನು ಹೇಳಿದ್ದು ನಿಜವೆಂದೇ ನಂಬಿ ಹೇಳಿದ, ಹಾಗೂ ಅದು ನಿಜವೇ ಆಗಿತ್ತು.

ಇಪ್ಪತ್ತನಾಲ್ಕರ ಭಾನುವಾರ ಬಾ. ನೀನು ಒಪ್ಪಿದರೆ, ಬೂಟಿನ ಕಥೆಯನ್ನು ನೀನು ಹೇಳಿದ ಮೇಲೆ ಬೇಲಿಯ ಕಥೆಯನ್ನು ಎಲ್ಲರೆದುರು ನಾನು ಹೇಳುತ್ತೇನೆ. ಕ್ಲೈಡ್ ಕೂಡ ಬಂದಿರುತ್ತಾನೆ, ಕೇಳಿಕೊಳ್ಳಲಿ.

ದಣಿದ ಕೈಯಿಂದ,
ನಿನ್ನ ಅಪ್ಪನ ಗೆಳೆಯ
ಎಲ್ಬರ್ಟ್ ಹೆನ್ಸ್‌ಲಿ

ಮರೆತ ಮಾತು: ಚಾಕುವನ್ನು ಈ ಪತ್ರದೊಡನೆ ಕಳಿಸೋಣವೆಂದು ಹತ್ತಿಯಲ್ಲಿ ಸುತ್ತಿ, ಅದಕ್ಕೊಂದು ಡಬ್ಬಿ ಹುಡುಕಿದೆ. ನೀನು ತಂದವುಗಳಲ್ಲಿ ಚಾಕುವಿಲ್ಲವೆಂದು ನಾನು ತೆರೆಯದೆ ಬಿಟ್ಟಿದ್ದ ತಂಬಾಕಿನ ಡಬ್ಬಿಯೊಂದಿತ್ತು. ಒಳಗೆ ಮುರಿದ ಅಲಗಿನ ತುದಿ, ತುಕ್ಕು ಹಿಡಿಯದಂತೆ ಎಣ್ಣೆ ಸವರಿದ್ದು. ಸುತ್ತಿದ ಚೀಟಿಯಲ್ಲಿ ಡೆಲ್ಮಾರ್‌ನ ಅಕ್ಷರದಲ್ಲಿ ಎರಡು ಸಾಲು. ‘ಕಂಬದಲ್ಲಿ ಸಿಕ್ಕಿದ್ದು: ೯ ಆಗಸ್ಟ್ ೧೯೬೬.’ ಅದರ ಕೆಳಗೆ ‘ಎಲ್ಬರ್ಟ್ ಹೇಳಿದ್ದು:’ ಎಂದು ಬರೆದು ಮುಂದೆ ತಾರೀಕಿನ ಜಾಗ ಖಾಲಿ ಬಿಟ್ಟಿದ್ದಾನೆ. ಆದ್ದರಿಂದ ಮೇಲಿನ ಪತ್ರವನ್ನೂ ತಿದ್ದಬೇಕಾಗಿದೆ. ಸರಿಪಡಿಸಿದ ತಾರೀಕುಗಳು:

ಚಾಕು ನಿನ್ನ ಅಪ್ಪನ ಕೈ ಸೇರಿದ್ದು: ೧೯೬೪ರ ನಂತರವಲ್ಲ, ೧೯೩೮ರ ವಸಂತ.
ಬೂಟು ಕೊಯ್ದದ್ದು: ಡಿಸೆಂಬರ್ ೧೯೫೦.
ಅಲಗು ಮುರಿದದ್ದು: ಮಂಗಳವಾರ, ೯ ಆಗಸ್ಟ್ ೧೯೬೬.
ಮುಚ್ಚಿ ಹಿಂದಿರುಗಿಸಿದ್ದು: ಶನಿವಾರ, ೨೦ ಆಗಸ್ಟ್ ೧೯೬೬.
ಡೆಲ್ಮಾರ್‌ಗೆ ತಿಳಿದದ್ದು: ‘ಕೊನೆಯವರೆಗೂ ಇಲ್ಲ’ ಎಂದದ್ದು ತಪ್ಪು, ೯ ಆಗಸ್ಟ್ ೧೯೬೬, ಅದೇ ದಿನ.
ಎಲ್ಬರ್ಟ್ ಹೇಳಿದ್ದು: ೧೨ ಮೇ ೧೯೯೮.