ಅಂಟು ಮೆತ್ತಿದ ಕೈ

ಮಾರ್ಚ್ ೯, ಭಾನುವಾರ

ಪ್ರೀತಿಯ ಒದ್ದೆಕೋಳಿಗೆ,

ಅಕ್ಕನ ಆಶೀರ್ವಾದಗಳು. ನಿನ್ನ ಕಾಗದ ಬಂದು ಎಷ್ಟು ದಿನವಾಯಿತೆಂದು ಲೆಕ್ಕ ಹಾಕಬೇಡ. ತಡವಾಗಿದೆ, ಒಪ್ಪಿಕೊಂಡೆ. ಕೆಲಸ ಹೆಚ್ಚಿತ್ತು ಎಂದು ಬರೆಯಬಹುದಿತ್ತು. ಗ್ರಂಥಾಲಯದ ನೆಲಮಾಳಿಗೆಯಲ್ಲಿ ಹಳೆಯ ಪುಸ್ತಕಗಳಿಗೆ ಬೆನ್ನು ಕಟ್ಟುವವಳಿಗೆ ಅದೇನು ಅವಸರ ಎಂದು ನೀನು ನಗುತ್ತೀಯ, ಅದಕ್ಕೇ ಬಿಟ್ಟೆ. ನಿಜವೆಂದರೆ ನಾಲ್ಕಾರು ಸಲ ಬರೆಯಲು ಕೂತೆ. ನಿನ್ನ ಕ್ಷೇಮ ವಿಚಾರಿಸುವಷ್ಟರಲ್ಲೇ ಸಿಟ್ಟು ಬಂದು ಎದ್ದುಬಿಡುತ್ತಿದ್ದೆ. ಈಗ ಸಿಟ್ಟಿಲ್ಲ. ಅಥವಾ ಆರಿ ಗಟ್ಟಿಯಾಗಿದೆ, ಮುಟ್ಟಿದರೆ ಕೈಗೆ ಹತ್ತುವುದಿಲ್ಲ.

ಈ ಕಾಗದದ ಜೊತೆಗಿರುವ ಪೊಟ್ಟಣದಲ್ಲಿ ನಿನ್ನ ಲೋಷನ್ ಬಾಟಲಿ ಇದೆ. ನೀನು ಬಚ್ಚಲ ಕಿಟಕಿಯಲ್ಲಿ ಮರೆತು ಹೋದದ್ದು. ಸಮುದ್ರದ ಬಿಸಿಲಿಗೆ ಸುಟ್ಟ ಕೈಗೆ ದಿನವಿಡೀ ಅದನ್ನೇ ಬಳಿದುಕೊಳ್ಳುತ್ತಿದ್ದೆಯಲ್ಲ. ನೀನು ಹೋದರೂ ಬಚ್ಚಲು ಇನ್ನೂ ನಿನ್ನದೇ ವಾಸನೆ ಹೊಡೆಯುತ್ತಿದೆ. ಅದಕ್ಕೇ ಕಳಿಸುತ್ತಿದ್ದೇನೆ.

ಮೊದಲು ನೀನು ಕಾಯುತ್ತಿರುವ ಸುದ್ದಿ. ಮೀನಿನ ತೊಟ್ಟಿ ಖಾಲಿಯಾಯಿತು. ನಿನ್ನ ಕಾಗದದ ಮೊದಲ ಎರಡು ಪುಟದಲ್ಲಿ 'ಭಾವ ಹವಳಗಳನ್ನೇನು ಮಾಡಿದರು' ಎಂದು ಕೇಳಿ, ಮೂರನೆಯದರ ಕೊನೆಯಲ್ಲಿ ನನ್ನ ಮೊಣಕಾಲು ನೋವು ವಿಚಾರಿಸಿದ್ದೀಯ. ಮೊಣಕಾಲು ಇದ್ದಲ್ಲೇ ಇದೆ.

ನೀನು ಹೊರಟ ಮೇಲೆ ನಿನ್ನ ಭಾವ ಸುಮ್ಮನೆ ಇರುತ್ತಿದ್ದರು. ಮಾತು ಕಡಿಮೆಯ ಮನುಷ್ಯನೆಂದು ನಿನಗೆ ಗೊತ್ತು. ಹಗಲೆಲ್ಲ ಊರವರ ಬಾಯಿ ತೆಗೆಸಿ ಕೂರುವ ದಂತವೈದ್ಯ, ಮನೆಗೆ ಬಂದ ಮೇಲೆ ತಮ್ಮ ಬಾಯಿ ಮುಚ್ಚಿಕೊಳ್ಳುತ್ತಾರೆ. ಈ ಸಲದ ಸುಮ್ಮನಿರುವಿಕೆ ಬೇರೆ ಥರದ್ದು. ತುತ್ತು ಎತ್ತಿ ಅಲ್ಲಿಗೇ ನಿಲ್ಲಿಸಿ ತೊಟ್ಟಿಯ ಕಡೆ ನೋಡುವುದು, ಮತ್ತೆ ತಟ್ಟೆಗೇ ಇಡುವುದು. ಒಂದು ಬೆಳಿಗ್ಗೆ ಷರ್ಟಿನ ಗುಂಡಿ ಹಾಕಿಕೊಳ್ಳುತ್ತಾ, "ಅವಳು ಹೇಳಿದ್ದು ಸರಿ ಕಣೇ," ಎಂದರು. ಯಾರು, ಏನು ಎಂದು ಕೇಳುವ ಅಗತ್ಯವಿರಲಿಲ್ಲ.

ನೀನು ಹೇಳಿದ್ದು ನನಗೂ ನೆನಪಿದೆ. ನೀನು ಇಲ್ಲಿದ್ದಾಗ ಒಂದು ರಾತ್ರಿ ಊಟಕ್ಕೆ ಕೂತಿದ್ದೆವು. ಅವರು ತಮ್ಮ ಅಚ್ಚುಮೆಚ್ಚಿನ ಮೀನನ್ನು, ಬೆರಳಿನಷ್ಟು ಸಣ್ಣ, ನೀಲಿ ಮೈಗೆ ಕಪ್ಪು ಗೆರೆಯ ಆ ಕ್ಲೀನರ್ ಮೀನನ್ನು ತೋರಿಸಿ, "ಇವನು ನನ್ನ ಜೂನಿಯರ್ರು. ಬೇರೆ ಮೀನುಗಳ ಬಾಯೊಳಗೆ ಹೋಗಿ ಹಲ್ಲು ಕ್ಲೀನ್ ಮಾಡ್ತಾನೆ," ಎಂದರು. ಯಾರೇ ಬಂದರೂ ಅದನ್ನೇ ಹೇಳುತ್ತಾರೆ, ಬಂದವರು ನಗುತ್ತಾರೆ. ನೀನು ನಗಲಿಲ್ಲ.

"ಭಾವ, ಸಮುದ್ರದಲ್ಲಿ ಇವನು ಒಂದು ಬಂಡೆ ಹತ್ರ ಕ್ಲಿನಿಕ್ ಇಟ್ಕೊಂಡಿರ್ತಾನೆ. ದೊಡ್ಡ ದೊಡ್ಡ ಮೀನುಗಳು ಸಾಲು ನಿಂತು, ಬಾಯಿ ತೆರ್ಕೊಂಡು ಕಾಯ್ತಾವೆ. ಇವನನ್ನ ಎತ್ಕೊಂಡು ಬಂದ್ರೆ ಆ ಬೀದಿಗೇ ಡಾಕ್ಟರಿಲ್ಲ. ನಿಮ್ಮನ್ನ ಹಾಗೇ ಎತ್ಕೊಂಡು ಹೋಗಿ ಯಾರದ್ದೋ ಮನೆ ಷೋಕೇಸಲ್ಲಿಟ್ರೆ?"

"ಊಟ ಹಾಕ್ತಾರಾ?"

"ಹಾಕ್ತಾರೆ. ಹಲ್ಲು ಮಾತ್ರ ಕೊಡಲ್ಲ."

ಅವರು ಜೋರಾಗಿ ನಕ್ಕರು. ಆಮೇಲೆ ವಾದಕ್ಕಿಳಿದರು. ಸಮುದ್ರ ಕಾದು ಹವಳವೆಲ್ಲ ಬಿಳಿಚಿ ಸಾಯುತ್ತಿದೆ, ನನ್ನ ಹತ್ತಿರವಾದರೂ ನಾಲ್ಕು ಉಳಿದಿವೆ ಎಂದರು. ನೀನು, "ಮನೆಗೆ ಬೆಂಕಿ ಬಿದ್ದಿದೆ ಅಂತ ಒಳಗಿನ ಪಾತ್ರೆ ಹೊತ್ಕೊಂಡು ಹೋದೋನೂ ಇದನ್ನೇ ಹೇಳ್ತಾನೆ," ಎಂದೆ. ಅಂಗಡಿಯ ಗಾಜಿನೊಳಗೆ ಒಂದು ಮೀನು ಮಿನುಗಬೇಕಾದರೆ ದಾರಿಯಲ್ಲಿ ಎಷ್ಟು ಸಾಯುತ್ತವೆ, ಅವನ್ನು ಹಿಡಿಯಲು ಬಂಡೆಯ ಬಿರುಕುಗಳಿಗೆ ಎಂಥ ವಿಷ ಚಿಮ್ಮಿಸುತ್ತಾರೆ, ಎಲ್ಲವನ್ನೂ ಹೇಳಿದೆ. ಮಾತಿನ ಭರದಲ್ಲಿ ನಿನ್ನ ಕೈ ಬಡಿದು ನೀರಿನ ಲೋಟ ಉರುಳಿತು. ಇಬ್ಬರಿಗೂ ಅದು ಕಾಣಲಿಲ್ಲ. ನಾನು ಒರೆಸಿದೆ.

ನೀನು ಹೇಳಿದ್ದರಲ್ಲಿ ತಪ್ಪಿಲ್ಲ. ಸರಿಯಾದ ಮಾತನ್ನು ಒಬ್ಬರು ಆಡಿದಾಗ ಅದೇ ಮಾತನ್ನು ಬೇರೆ ಕಾರಣಕ್ಕೆ ಹಿಂದೆಯೇ ಆಡಿದವರ ಗತಿಯೇನು ಎಂದಷ್ಟೇ ನಾನು ಈಚೆಗೆ ಯೋಚಿಸುತ್ತೇನೆ. ಆ ತೊಟ್ಟಿ ಬೇಡವೆಂದು ನಾನು ವರ್ಷಗಟ್ಟಲೆ ಹೇಳಿದೆ. ಗೋಡೆಗೆ ಬೂಷ್ಟು ಹಿಡಿಯುತ್ತಿದೆ ಎಂದೆ. ಪಂಪಿನ ಗುಂಯ್‌ಗುಡುವಿಕೆ ತಲೆದಿಂಬಿನೊಳಗೆ ಬರುತ್ತದೆ ಎಂದೆ. ಇದನ್ನು ಬಿಟ್ಟು ಇಬ್ಬರೂ ಎಲ್ಲಿಗೂ ಒಟ್ಟಿಗೆ ಹೋಗುವಂತಿಲ್ಲವಲ್ಲ ಎಂದೆ. "ಹೂಂ, ನೋಡೋಣ," ಎನ್ನುತ್ತಿದ್ದರು, ಗಾಜಿನ ಕಡೆಯಿಂದ ಮುಖ ತಿರುಗಿಸದೆ. ನಾನು ಗೋಡೆಯ ಬಗ್ಗೆ ಹೇಳಿದೆ, ನೀನು ಮೀನಿನ ಬಗ್ಗೆ ಹೇಳಿದೆ. ನೀತಿ ನಿನ್ನ ಪಾಲಿಗೆ ಬಂತು, ಬೂಷ್ಟು ನನ್ನ ಪಾಲಿಗೆ.

ಅಂತೂ ದೊಡ್ಡ ಮತ್ಸ್ಯಾಲಯಕ್ಕೆ ಫೋನಾಯಿತು. ಸಮುದ್ರಕ್ಕೆ ಮರಳಿ ಬಿಡಕೂಡದು, ಮನೆಯ ತೊಟ್ಟಿಯ ರೋಗ ಅಲ್ಲಿಯವಕ್ಕೆ ಅಂಟುತ್ತದೆ ಎಂದು ನೀನು ಎಚ್ಚರಿಸಿದ್ದೆಯಂತೆ. ಯಾವಾಗ ಎಚ್ಚರಿಸಿದೆಯೋ ನನಗೆ ತಿಳಿಯದು. ಮತ್ಸ್ಯಾಲಯದ ಮನುಷ್ಯ ಬಕೆಟ್ಟುಗಳನ್ನು ಹೊತ್ತು ಬಂದ. ಅಷ್ಟು ವರ್ಷ ಗಾಜಿನಾಚೆ ನೇರಳೆ, ಹಸಿರು ಎಂದು ಮೆರೆದ ಹವಳಗಳು ಬಕೆಟ್ಟಿನೊಳಗೆ ನೆನೆಹಾಕಿದ ಒರೆಸುಬಟ್ಟೆಯಂತೆ ಮುದುಡಿ ಬಿದ್ದಿದ್ದವು. ನನಗೆ ಖುಷಿಯಾಗಬೇಕಿತ್ತು. ಊಟ ಆರುತ್ತಿದ್ದರೂ "ತಾಳು, ಇದು ಅರಳ್ತಾ ಇದೆ," ಎಂದು ಅವರು ಬಾಗಿ ನೋಡುತ್ತಿದ್ದದ್ದು ಇವನ್ನೇ. ಆದರೆ ಬಕೆಟ್ಟಿನ ಮೇಲೆ ಯಾರಿಗಾದರೂ ಹೊಟ್ಟೆಕಿಚ್ಚು ಬರುತ್ತದೆಯೇ? ಅದಕ್ಕೂ ಎದುರಿಗೆ ಚೆಂದದ್ದೊಂದು ಇರಬೇಕು.

ತೊಟ್ಟಿಯ ಪಕ್ಕದ ಬೀರು ಸರಿಸಿದಾಗ ಗೋಡೆ ಮೇಲಿಂದ ಕೆಳಗಿನವರೆಗೆ ಕಪ್ಪಗಿತ್ತು. ನಿನ್ನ ಭಾವ ಸೊಂಟದ ಮೇಲೆ ಕೈಯಿಟ್ಟು ನಿಂತು, "ಅರೆ! ಇಷ್ಟೊಂದು ಬೂಷ್ಟು ಹಿಡಿದಿತ್ತಾ? ನೀನು ಹೇಳಲೇ ಇಲ್ಲ!" ಎಂದರು. ಮತ್ಸ್ಯಾಲಯದವನು ನನ್ನ ಮುಖ ನೋಡಿ ಬಕೆಟ್ಟು ಎತ್ತಿಕೊಂಡು ಹೊರಗೆ ಹೋದ. ಅವನಿಗೂ ಮದುವೆಯಾಗಿರಬೇಕು.

ನೆಲಮಾಳಿಗೆಯಲ್ಲಿ ನನ್ನ ಜೊತೆ ಹೊಲಿಗೆಯ ಮೇಜಿನಲ್ಲಿ ಕೂರುವವಳಿಗೆ ಸುದ್ದಿ ಹೇಳಿದೆ. "ಸವತಿ ಮನೆ ಬಿಟ್ಟು ಹೋದ್ಳು, ಸ್ವೀಟ್ ಹಂಚೋದು ಬಿಟ್ಟು ಮುಖ ಯಾಕೆ ಹೀಗೆ ಮಾಡ್ಕೊಂಡಿದೀಯ?" ಎಂದಳು. ಹೋದಳು, ಆದರೆ ವಿಳಾಸ ಇಟ್ಟು ಹೋಗಿದ್ದಾಳೆ ಎನ್ನಬೇಕೆನಿಸಿತು. ದಾರಕ್ಕೆ ಮೇಣ ಹಚ್ಚುತ್ತಾ ಕೂತೆ.

ಜೂನಿಯರ್ ಮಾತ್ರ ಇನ್ನೂ ಇಲ್ಲೇ ಇದ್ದಾನೆ. ಬಲೆ ಕಂಡ ಕೂಡಲೇ ಮೂಲೆಯ ಕೊಳವೆಯೊಳಗೆ ಸೇರಿಕೊಂಡ. "ಇವನು ಕಿಲಾಡಿ. ಬರೋ ಶನಿವಾರ ಇನ್ನೊಂದು ಬಲೆ ತರ್ತೀನಿ, ಅಲ್ಲೀತನಕ ಅರ್ಧ ನೀರು, ಒಂದು ಪಂಪು ಇರಲಿ," ಎಂದು ಆ ಮನುಷ್ಯ ಹೇಳಿ ಹೋದ. ಬಂಡೆಯಿಲ್ಲ, ಹವಳವಿಲ್ಲ, ಬಾಯಿ ತೆಗೆಯುವ ಗಿರಾಕಿಯಿಲ್ಲ. ಗಾಜಿನಲ್ಲಿ ತನ್ನದೇ ನೆರಳು ಕಂಡರೆ ಅದರ ಕೆನ್ನೆ ಕುಟುಕುತ್ತಾನೆ. ನೀನು ಹೇಳಿದ್ದು ಈಗ ಕಣ್ಣಿಗೇ ಕಾಣುತ್ತದೆ. ತಟ್ಟೆಯ ಊಟಕ್ಕಿಂತ ಅವನಿಗೆ ಬೇಕಾದದ್ದು ಕೆಲಸ. ನಿನ್ನ ಭಾವ ಕ್ಲಿನಿಕ್ಕಿಗೆ ಹೋಗುವ ಮುಂಚೆ ತೋಳು ಮಡಚಿ ನೀರಿಗೆ ಕೈಯಿಡುತ್ತಾರೆ. ಅವನು ಓಡಿ ಬಂದು ಉಗುರಿನ ಸಂದು, ಬೆರಳಿನ ಗೆರೆಗಳನ್ನೆಲ್ಲ ಹೆಕ್ಕಿ ಹೆಕ್ಕಿ ಚೊಕ್ಕಟ ಮಾಡುತ್ತಾನೆ. ಕಚಗುಳಿಗೆ ಇವರು ನಗುತ್ತಾರೆ. ಆ ನಗು ಬೇರೆ ಯಾವುದಕ್ಕೂ ಬರುವುದಿಲ್ಲ, ಆ ರಾತ್ರಿ ನಿನ್ನ ಮಾತಿಗೆ ಬಂದದ್ದನ್ನು ಬಿಟ್ಟರೆ.

ನನ್ನ ಕೈಗೆ ಆ ನೀರಿನಲ್ಲಿ ಪ್ರವೇಶವಿರಲಿಲ್ಲ, ನಿನಗೆ ಗೊತ್ತಿರಲಿಕ್ಕಿಲ್ಲ. ತೊಟ್ಟಿ ತಂದ ಹೊಸತರಲ್ಲೇ, "ನಿನ್ನ ಕೈ ಬೇಡಮ್ಮಾ, ಅಂಟು ಮೆತ್ತಿರುತ್ತೆ. ಒಂದು ಹನಿ ಸೇರಿದ್ರೂ ಹವಳ ಎಲ್ಲ ಸತ್ತು ಹೋಗುತ್ತೆ," ಎಂದಿದ್ದರು. ತಿಳಿದವರು ಹೇಳಿದ್ದು, ನಾನೂ ನಂಬಿದೆ. ಅವರು ಕೆಲಸದ ಮೇಲೆ ಒಂದೆರಡು ದಿನ ಊರಿನಲ್ಲಿ ಇಲ್ಲದಾಗ ಕ್ಲಿನಿಕ್ಕಿನ ಸಹಾಯಕಿ ಎರಡು ಬಸ್ಸು ಬದಲಿಸಿ ಬಂದು ಮೀನಿಗೆ ಆಹಾರ ಹಾಕಿ ಹೋಗುತ್ತಿದ್ದಳು. ನಾನು ಅವಳಿಗೆ ಚಹಾ ಮಾಡಿಕೊಡುತ್ತಿದ್ದೆ.

ಈಗ ಈ ಕಾಗದ ಬರೆಯಬೇಕಾಗಿ ಬಂದ ವಿಷಯ. ನಿನ್ನ ಭಾವನಿಗೆ ನೀನಿರುವಲ್ಲಿಗೆ ಬರಬೇಕಂತೆ. ಮುರಿದ ಹವಳದ ಚೂರುಗಳನ್ನು ನೀವು ನೀರಿನಡಿಯ ಬಂಡೆಗೆ ಕೂರಿಸಿ ಬೆಳೆಸುತ್ತೀರಲ್ಲ, ಆ ಕೆಲಸಕ್ಕೆ ಕೈಜೋಡಿಸುತ್ತಾರಂತೆ. ಈ ವಯಸ್ಸಿನಲ್ಲಿ ಮುಳುಗು ಹಾಕುವುದನ್ನು ಕಲಿಯುತ್ತಾರಂತೆ. ಮುಂದಿನ ತಿಂಗಳು ಕ್ಲಿನಿಕ್ಕು ಮುಚ್ಚಿ ಬರಲೇ ಎಂದು ಕೇಳಿ ಬರೆ ಎಂದರು. "ನೀವೇ ಬರೀರಿ," ಎಂದೆ. "ನಿನ್ನ ತಂಗಿ ಅಲ್ವಾ, ನೀನು ಕೇಳಿದ್ರೆ ಚೆನ್ನಾಗಿರುತ್ತೆ," ಎಂದರು. ಸೌಜನ್ಯದ ಮನುಷ್ಯ. ಮೀನುಗಳನ್ನು ಬಿಟ್ಟು ಹೇಗೆ ಬರಲಿ ಎಂದು ನನ್ನೊಡನೆ ಎಲ್ಲಿಗೂ ಹೊರಡದವರು ಹೊಸ ಪೆಟ್ಟಿಗೆ ತಂದು ಮಂಚದಡಿ ಇಟ್ಟಿದ್ದಾರೆ. ಚಿಕ್ಕ ಪೆಟ್ಟಿಗೆ. ಒಬ್ಬರ ಬಟ್ಟೆ ಹಿಡಿಸುತ್ತದೆ.

ತಪ್ಪು ತಿಳಿಯಬೇಡ. ನೀನಾಗಲಿ ಅವರಾಗಲಿ ಮಾಡಬಾರದ್ದನ್ನು ಮಾಡುವವರೆಂದು ನನಗೆ ಕನಸಿನಲ್ಲೂ ಅನಿಸಿಲ್ಲ. ಹಾಗೆ ಅನಿಸಿದ್ದರೆ ಬರೆಯುವುದು ಸುಲಭವಿತ್ತು, ಎರಡು ಸಾಲಿನಲ್ಲಿ ಮುಗಿಯುತ್ತಿತ್ತು. ಬರಲೋ ಬೇಡವೋ ಎಂದು ಅವರು ಕೇಳಿದ್ದಾರೆ, ನಾನು ದಾಟಿಸಿದ್ದೇನೆ. ಉತ್ತರವನ್ನು ಅವರಿಗೇ ಬರೆ.

ನೀರಿಗಿಳಿಯುವಾಗ ಹುಷಾರು. ಒದ್ದೆ ತಲೆಯಲ್ಲೇ ಮಲಗುವ ಚಾಳಿ ಬಿಡು, ನಿನಗೂ ನಲವತ್ತು ದಾಟಿತು. ಹೊಟ್ಟೆ ತುಂಬ ಉಣ್ಣು, ಕಣ್ಣು ತುಂಬ ನಿದ್ದೆ ಮಾಡು. ನೀನು ನೆಟ್ಟ ಹವಳಗಳು ಬೇರು ಹಿಡಿಯಲಿ. ಈ ಮಾತನ್ನು ಮನಸ್ಸಿನಿಂದಲೇ ಹೇಳುತ್ತಿದ್ದೇನೆ.

ನಿನ್ನ
ಅಕ್ಕ

ಮರೆತಿದ್ದೆ: ಇವತ್ತು ಬೆಳಿಗ್ಗೆ ಅವರು ಹೊರಗೆ ಹೋಗಿದ್ದಾಗ ನಾನು ತೊಟ್ಟಿಗೆ ಕೈಯಿಟ್ಟೆ. ಸಾಯಲು ಇನ್ನು ಹವಳಗಳಿರಲಿಲ್ಲ. ಜೂನಿಯರ್ ಕೊಳವೆಯಿಂದ ಇಣುಕಿ ನೋಡಿ ನೇರ ನನ್ನ ಕೈಗೇ ಬಂದ. ಉಗುರಿನ ಸುತ್ತ ಆರಿದ ಅಂಟನ್ನೆಲ್ಲ ಹೆಕ್ಕಿದ. ಅವನಿಗೇನೂ ಆಗಲಿಲ್ಲ, ಈಗಲೂ ಓಡಾಡಿಕೊಂಡಿದ್ದಾನೆ. ನಾವು ಹಳೆಯ ಪುಸ್ತಕಕ್ಕೆ ಬಳಸುವ ಅಂಟು ಬರೀ ಗೋಧಿ ಹಿಟ್ಟು ಮತ್ತು ನೀರು. ಅದು ಎಂಥ ಅಂಟು ಎಂದು ಈ ಮನೆಯಲ್ಲಿ ಯಾರೂ ಕೇಳಿರಲಿಲ್ಲ.

ನೀನು ಹೊರಡುವ ಹಿಂದಿನ ಸಂಜೆ ಅವರು ನಿನ್ನ ಮಣಿಕಟ್ಟು ಹಿಡಿದು ಆ ನೀರಿಗೆ ಇಳಿಸಿದ್ದನ್ನು ನಾನು ಅಡಿಗೆಮನೆಯ ಬಾಗಿಲಲ್ಲಿ ನಿಂತು ನೋಡಿದೆ. ಎರಡು ಕೈಗಳ ನಡುವೆ ಮೀನು ಓಡಾಡುತ್ತಿತ್ತು. ಆಗ ಹವಳಗಳೆಲ್ಲ ಇದ್ದವು. ನಿನ್ನ ಕೈಗೆ ಮೊಣಕೈತನಕ ಈ ಲೋಷನ್ ಇತ್ತು. ಕೈ ತೊಳೆದುಕೊಂಡು ಬಾ ಎಂದು ಕೂಡ ಅವರು ಹೇಳಲಿಲ್ಲ.

ಅವರನ್ನು ಬನ್ನಿ ಅನ್ನು, ಬೇಡ ಅನ್ನು, ನಿನ್ನಿಷ್ಟ. 'ಅಕ್ಕನನ್ನೂ ಕರೆದುಕೊಂಡು ಬನ್ನಿ' ಎಂದು ಮಾತ್ರ ಬರೆಯಬೇಡ. ನೀನು ಹೇಳಿದರೆ ಅವರು ಕರೆದುಕೊಂಡು ಬರುತ್ತಾರೆ.